ಹೊಸ ಎಂಜಿನ್ನಿಗೆ ಹಳೆಯ ಪಂಪು

ಅಮೆರಿಕದ ಹಳ್ಳಿಗಾಡಿನಲ್ಲಿ ಪಿಕಪ್ ಟ್ರಕ್ ಎಂದರೆ ಇಲ್ಲಿನ ಜೀಪು, ಟೆಂಪೊ, ಟ್ರ್ಯಾಕ್ಟರು ಮೂರೂ ಒಂದಾದಂತೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದು, ಮಧ್ಯಾಹ್ನ ಹುಲ್ಲಿನ ಹೊರೆ ಹೇರುವುದು, ಸಂಜೆ ದನಗಳನ್ನು ತುಂಬಿದ ಟ್ರೇಲರ್ ಎಳೆಯುವುದು ಎಲ್ಲವೂ ಒಂದೇ ಗಾಡಿಯ ಕೆಲಸ. ಅದು ಒಂದು ವಾರ ನಿಂತರೆ ಮನೆಯ ವ್ಯವಹಾರವೇ ನಿಂತಂತೆ.

ಇಂಥ ಗಾಡಿಗಳಲ್ಲಿ ಡಾಜ್ ಕಂಪನಿಯ ರ‍್ಯಾಮ್‌ಗೆ ವಿಶೇಷ ಹೆಸರು. ಅದಕ್ಕೆ ಕಾರಣ 1989ರಿಂದ ಅದರ ಬಾನೆಟ್ಟಿನ ಕೆಳಗೆ ಕುಳಿತ ಕಮಿನ್ಸ್ ಡೀಸೆಲ್ ಎಂಜಿನ್. ಸಾಲಾಗಿ ನಿಂತ ಆರು ಸಿಲಿಂಡರು, 5.9 ಲೀಟರ್ ಗಾತ್ರ, ಸುಮಾರು ಅರ್ಧ ಟನ್ ತೂಕ. ಕಾರಿಗೆಂದು ಮಾಡಿದ್ದಲ್ಲ, ಲಾರಿ ಮತ್ತು ಹೊಲದ ಯಂತ್ರಗಳಿಗೆ ಮಾಡಿದ್ದು. ಇದೇ ವಂಶದ ಎಂಜಿನ್ನುಗಳನ್ನು 1993ರಲ್ಲಿ ಸ್ಥಾಪನೆಯಾದ ಜೆಮ್‌ಶೆಡ್‌ಪುರದ ಟಾಟಾ ಕಮಿನ್ಸ್ ಕಂಪನಿಯೂ ತಯಾರಿಸಿತು. ಹೆದ್ದಾರಿಯಲ್ಲಿ ಟಾಟಾ ಲಾರಿಗಳ ಮೇಲೆ ‘ಕಮಿನ್ಸ್’ ಎಂಬ ಹೆಸರನ್ನು ಓದಿದವರಿಗೆ ಅದರ ದನಿಯೂ ಪರಿಚಿತವೇ.

ಎಂಜಿನ್ನೇನೋ ಗಟ್ಟಿ. ಆದರೆ 1998ರ ನಡುವಿನಿಂದ 2002ರವರೆಗೆ ಬಂದ ರ‍್ಯಾಮ್‌ಗಳಲ್ಲಿ ಆ ಎಂಜಿನ್ನಿಗೆ ಡೀಸೆಲ್ ಉಣಿಸುವ ಪಂಪು ಅಷ್ಟು ಗಟ್ಟಿಯಲ್ಲ. ಒಂದು ದಿನ ಆಕ್ಸಿಲರೇಟರ್ ತುಳಿದರೆ ಗಾಡಿ ಕೇಳಿಸಿಕೊಳ್ಳುವುದಿಲ್ಲ. ಮರುಕ್ಷಣ ಸರಿಯಾಗುತ್ತದೆ. ನಾಲ್ಕು ದಿನ ಬಿಟ್ಟು ನಡುರಸ್ತೆಯಲ್ಲಿ ನಿಂತೇಬಿಡುತ್ತದೆ. ಆಗ ಮಾಲೀಕನ ಮುಂದೆ ಎರಡು ದಾರಿ. ಅದೇ ಬಗೆಯ ಎಲೆಕ್ಟ್ರಾನಿಕ್ ಪಂಪನ್ನು ರೀಕಂಡೀಷನ್ ಮಾಡಿದ್ದು ತಂದು ಕೂರಿಸುವುದು ಒಂದು. ಅದನ್ನು ಕಿತ್ತೆಸೆದು, 1994ರಿಂದ 1998ರವರೆಗಿನ ಹಳೆಯ ಮಾದರಿಗಳಲ್ಲಿದ್ದ ಪೂರಾ ಯಾಂತ್ರಿಕ ಪಂಪನ್ನು ಹೊಸ ಎಂಜಿನ್ನಿಗೆ ಹೊಂದಿಸುವುದು ಇನ್ನೊಂದು. ಎರಡನೆಯದಕ್ಕೆ ಅಲ್ಲಿನ ಗ್ಯಾರೇಜುಗಳಲ್ಲಿ ಭಕ್ತರು ಬಹಳ. ‘ಕಂಪ್ಯೂಟರಿನ ಕಾಟವೇ ಬೇಡ, ಕಬ್ಬಿಣವೇ ವಾಸಿ’ ಎಂಬುದು ಅವರ ವಾದ. ಈ ವಾದದಲ್ಲಿ ಹುರುಳೆಷ್ಟು ಎಂದು ತಿಳಿಯಲು ಮೊದಲು ಪಂಪಿನ ಕೆಲಸವೇನೆಂದು ನೋಡಬೇಕು.

ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗಿಲ್ಲ ಎಂಬುದು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೇ ಇದೆ. ಹೀರಿಕೊಂಡ ಗಾಳಿಯನ್ನು ಹದಿನಾರು ಹದಿನೇಳನೆಯ ಒಂದು ಪಾಲಿಗೆ ಅದುಮಿದಾಗ ಅದು ಎಷ್ಟು ಕಾಯುತ್ತದೆಂದರೆ, ಡೀಸೆಲ್ ಚಿಮ್ಮಿದೊಡನೆ ತಾನಾಗಿ ಹೊತ್ತಿಕೊಳ್ಳುತ್ತದೆ. ಚಿಮ್ಮಿಸುವುದೇ ಪಂಪಿನ ಕೆಲಸ. ಹೇಳಲು ಸುಲಭ. ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಗಾಡಿ ಗಂಟೆಗೆ ನೂರು ಕಿಲೋಮೀಟರ್ ಓಡುತ್ತ, ಆ ಒಂದು ಗಂಟೆಯಲ್ಲಿ 13 ಲೀಟರ್ ಡೀಸೆಲ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದೆ. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರಿಗೂ ಒಂದು ತುತ್ತು. ಆರು ಸಿಲಿಂಡರಿಗೆ ನಿಮಿಷಕ್ಕೆ 6,000 ತುತ್ತು, ಗಂಟೆಗೆ 3,60,000 ತುತ್ತು. 13 ಲೀಟರನ್ನು ಅಷ್ಟರಿಂದ ಭಾಗಿಸಿದರೆ ಒಂದು ತುತ್ತಿಗೆ ಸುಮಾರು 36 ಘನ ಮಿಲಿಮೀಟರ್. ಔಷಧದ ಡ್ರಾಪರಿನಿಂದ ಬೀಳುವ ಒಂದು ಹನಿಗಿಂತಲೂ ಕಡಿಮೆ! ಈ ಮುಕ್ಕಾಲು ಹನಿಯನ್ನು ನೂರಾರು ವಾಯುಭಾರದ ಒತ್ತಡದಲ್ಲಿ, ಮಂಜಿನ ಹಾಗೆ, ಆರೂ ಸಿಲಿಂಡರಿಗೆ ಒಂದೇ ಸಮನಾಗಿ ಹಂಚಬೇಕು. ಅದೂ ಸರಿಯಾದ ಕ್ಷಣದಲ್ಲಿ. ಆ ವೇಗದಲ್ಲಿ ಎಂಜಿನ್ನಿನ ಕ್ರ್ಯಾಂಕು ಒಂದು ಡಿಗ್ರಿ ತಿರುಗಲು ಹಿಡಿಯುವ ಕಾಲ ಒಂದು ಸೆಕೆಂಡಿನ ಹನ್ನೆರಡು ಸಾವಿರದ ಒಂದು ಭಾಗ. ಐದು ಡಿಗ್ರಿ ಬೇಗ ಚಿಮ್ಮಿಸಿದರೆ ಎಂಜಿನ್ ಕಟಕಟ ಎಂದು ಬಡಿದುಕೊಳ್ಳುತ್ತದೆ. ಐದು ಡಿಗ್ರಿ ತಡವಾದರೆ ಶಕ್ತಿ ಕುಂದಿ, ಶಾಖವೆಲ್ಲ ಸೈಲೆನ್ಸರಿನ ದಾರಿ ಹಿಡಿಯುತ್ತದೆ.

ಇದನ್ನು ಕೇವಲ ಕಬ್ಬಿಣದಿಂದ ಸಾಧಿಸಿದ್ದು ಯಂತ್ರವಿದ್ಯೆಯ ದೊಡ್ಡ ಸಾಹಸಗಳಲ್ಲಿ ಒಂದು. ಜರ್ಮನಿಯ ರಾಬರ್ಟ್ ಬಾಷ್ ಕಂಪನಿ 1922ರಲ್ಲಿ ಈ ಕೆಲಸಕ್ಕೆ ಕೈಹಾಕಿ 1927ರಲ್ಲಿ ಪಂಪನ್ನು ಕಾರ್ಖಾನೆಯಿಂದ ಹೊರತಂದಿತು. ಡಾಜ್‌ನ ಮಾಲೀಕರು ಹಂಬಲಿಸುವ ಪಿ7100 ಎಂಬ ಪಂಪು ಅದರ ವಂಶದ್ದೇ. ಅದರೊಳಗೆ ಆರು ಪ್ಲಂಜರುಗಳು ಸಾಲಾಗಿ ನಿಂತಿರುತ್ತವೆ. ಇಂಜೆಕ್ಷನ್ ಕೊಡುವ ಸಿರಿಂಜಿನ ದಂಟಿನಂಥವು. ಕೆಳಗಿನ ಕ್ಯಾಮ್‌ಶಾಫ್ಟು ತಿರುಗಿದಂತೆ ಒಂದೊಂದನ್ನೇ ಮೇಲಕ್ಕೆ ತಳ್ಳುತ್ತದೆ. ಪ್ರತಿ ಸಲವೂ ಪ್ಲಂಜರು ಏರುವ ಎತ್ತರ ಒಂದೇ. ಹಾಗಿದ್ದರೆ ಡೀಸೆಲ್ಲಿನ ಪ್ರಮಾಣ ಹೆಚ್ಚು ಕಡಿಮೆ ಮಾಡುವುದು ಹೇಗೆ? ಜಾಣತನ ಇರುವುದೇ ಇಲ್ಲಿ. ಪ್ಲಂಜರಿನ ಮೈಮೇಲೆ ಓರೆಯಾಗಿ ಒಂದು ಗೀರು ಕೊರೆದಿರುತ್ತಾರೆ. ಆ ಗೀರು ಪಕ್ಕದ ರಂಧ್ರಕ್ಕೆ ಎದುರಾದೊಡನೆ ಒತ್ತಡ ಇಳಿದು ಚಿಮ್ಮುವುದು ನಿಲ್ಲುತ್ತದೆ. ಪ್ಲಂಜರನ್ನು ಕೊಂಚ ತಿರುಗಿಸಿ ನಿಲ್ಲಿಸಿದರೆ ಗೀರು ಬೇಗನೆ ಇಲ್ಲವೆ ತಡವಾಗಿ ಎದುರಾಗುತ್ತದೆ. ಡೀಸೆಲ್ ಅದಕ್ಕೆ ತಕ್ಕಂತೆ. ಆರನ್ನೂ ಒಟ್ಟಿಗೆ ತಿರುಗಿಸಲು ಹಲ್ಲುಗಳಿರುವ ಒಂದು ಸರಳು, ಸರಳನ್ನು ಆಡಿಸಲು ತಿರುಗುವ ತೂಕಗಳ ಗವರ್ನರು. ಪ್ಲಂಜರಿಗೂ ಅದು ಓಡಾಡುವ ಕೊಳವೆಗೂ ನಡುವಿನ ಸಂದು ಕೂದಲೆಳೆಯ ಹತ್ತನೆಯ ಒಂದು ಪಾಲೂ ಇಲ್ಲ.

ಈ ಬಗೆಯ ಪಂಪು ಕರ್ನಾಟಕಕ್ಕೆ ಹೊಸದಲ್ಲ. ಬಾಷ್ ಕಂಪನಿಯ ನಂಟಿನಿಂದ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ‘ಮೈಕೋ’, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ದಶಕಗಳ ಕಾಲ ಡೀಸೆಲ್ ಪಂಪುಗಳನ್ನು ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಬಡಾವಣೆಯೊಂದರ ಹೆಸರಿನಲ್ಲಿ ಮಾತ್ರ ಮೈಕೋ ಉಳಿದುಕೊಂಡಿದೆ. ಹೆದ್ದಾರಿಯ ಊರುಗಳಲ್ಲಿ ‘ಪಂಪ್ ಮತ್ತು ನಾಝಲ್ ಸರ್ವಿಸ್’ ಎಂಬ ಬೋರ್ಡಿನ ಹಿಂದೆ, ಗಾಜಿನ ನಳಿಕೆಗಳ ಸಾಲಿನಲ್ಲಿ ಆರು ಸಿಲಿಂಡರಿನ ಡೀಸೆಲ್ಲನ್ನು ಅಳೆದು ಹೊಂದಿಸುವ ಬೆಂಚಿನ ಮುಂದೆ ನಿಂತವರಿಗೆ ಮೇಲಿನ ವಿವರಣೆ ಬೇಕಾಗಲೇ ಇಲ್ಲ. ಐ.ಟಿ.ಐ. ಕಲಿತು ಆ ಬೆಂಚಿನಿಂದಲೇ ಸಂಸಾರ ಸಾಗಿಸಿದವರು ಎಷ್ಟೋ ಮಂದಿ. ಎಷ್ಟೋ ಡ್ರೈವರುಗಳು ಏರ್ ಹಿಡಿದ ಪಂಪನ್ನು ರಸ್ತೆ ಬದಿಯಲ್ಲೇ ಒಂದು ಸ್ಪ್ಯಾನರಿನಿಂದ ಸರಿಮಾಡಿಕೊಂಡು ಹೊರಟುಬಿಡುತ್ತಿದ್ದರು.

ಇಷ್ಟು ಒಳ್ಳೆಯ ಪಂಪನ್ನು ಡಾಜ್ ಬಿಟ್ಟದ್ದೇಕೆ? ಕಂಪ್ಯೂಟರಿನ ಮೇಲಿನ ಮೋಹದಿಂದಲ್ಲ. 1998ರ ಮಾದರಿಯಿಂದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಭಾರಿ ಡೀಸೆಲ್ ಎಂಜಿನ್ನುಗಳು ಉಗುಳುವ ಸಾರಜನಕದ ಆಕ್ಸೈಡುಗಳ ಮಿತಿಯನ್ನು 5ರಿಂದ 4 ಗ್ರಾಂಗೆ ಇಳಿಸಿತು (ಎಂಜಿನ್ ಮಾಡುವ ಕೆಲಸದ ಒಂದು ಅಶ್ವಶಕ್ತಿ-ಗಂಟೆಗೆ ಇಷ್ಟು ಎಂದು ಆ ಲೆಕ್ಕ). ಯಾಂತ್ರಿಕ ಪಂಪಿನಲ್ಲಿ ಚಿಮ್ಮಿಸುವ ಕ್ಷಣವನ್ನು, ಅಂದರೆ ಟೈಮಿಂಗನ್ನು, ಒಮ್ಮೆ ಬಿಗಿದರೆ ಮುಗಿಯಿತು. ಚಳಿಯಲ್ಲಿ ಚಾಲೂ ಮಾಡುವಾಗಲೂ ಅದೇ, ಘಾಟಿ ಏರುವಾಗಲೂ ಅದೇ, ಹೆದ್ದಾರಿಯಲ್ಲಿ ಹಗುರವಾಗಿ ಸಾಗುವಾಗಲೂ ಅದೇ. ಹೊಗೆ ಕಡಿಮೆ ಮಾಡಬೇಕಾದರೆ ಪ್ರತಿ ಸಂದರ್ಭಕ್ಕೂ ಟೈಮಿಂಗ್ ಬದಲಾಗಬೇಕು. ಅದಕ್ಕಾಗಿ ಸಿಲಿಂಡರಿಗೆ ಎರಡರ ಬದಲು ನಾಲ್ಕು ವಾಲ್ವುಗಳು ಬಂದವು, ತಲೆಯ ಮೇಲೊಂದು ಕಂಪ್ಯೂಟರನ್ನು ಹೊತ್ತ ವಿಪಿ44 ಎಂಬ ಬಾಷ್ ಪಂಪು ಬಂತು. ಹಳೆಯದು 12 ವಾಲ್ವಿನ ಎಂಜಿನ್, ಹೊಸದು 24 ವಾಲ್ವಿನದು. ಹೊಸದು ಮೆತ್ತಗೆ ಚಾಲೂ ಆಗುತ್ತಿತ್ತು, ಸದ್ದು ಕಡಿಮೆ, ಹೊಗೆ ಕಡಿಮೆ, ಶಕ್ತಿಯೂ ಹೆಚ್ಚು. ಮ್ಯಾನುಯಲ್ ಗೇರಿನ ಗಾಡಿಯಲ್ಲಿ 215 ಇದ್ದ ಅಶ್ವಶಕ್ತಿ 235ಕ್ಕೆ ಏರಿತು.

ಆದರೆ ಒಂದು ವ್ಯತ್ಯಾಸ ಮಾಲೀಕರಿಗೆ ಮುಳುವಾಯಿತು. ಪಿ7100ರ ಕ್ಯಾಮ್‌ಶಾಫ್ಟಿಗೆ ಎಂಜಿನ್ನಿನ ಆಯಿಲ್ ಸಿಗುತ್ತದೆ. ವಿಪಿ44ಕ್ಕೆ ಆ ಭಾಗ್ಯವಿಲ್ಲ. ಒಳಗಿನ ಭಾಗಗಳಿಗೆ ಜಾರುಗುಣ ಕೊಡುವುದೂ ಡೀಸೆಲ್ಲೇ, ತಂಪು ಮಾಡುವುದೂ ಡೀಸೆಲ್ಲೇ. ಹೀಗಾಗಿ ಎಂಜಿನ್ನಿಗೆ ಬೇಕಾದದ್ದಕ್ಕಿಂತ ಬಹಳಷ್ಟು ಹೆಚ್ಚು ಡೀಸೆಲ್ ಪಂಪಿನೊಳಗೆ ಹರಿದು, ಬಿಸಿಯನ್ನು ಹೊತ್ತುಕೊಂಡು ಟ್ಯಾಂಕಿಗೆ ಮರಳಬೇಕು. ಈ ಹರಿವನ್ನು ಕೊಡುವುದು ಇನ್ನೊಂದು ಪುಟ್ಟ ಪಂಪು. ಇಲ್ಲಿನ ಮೆಕ್ಯಾನಿಕ್ಕುಗಳ ಮಾತಿನಲ್ಲಿ ಫೀಡ್ ಪಂಪು. 12 ವಾಲ್ವಿನ ಎಂಜಿನ್ನಿನಲ್ಲಿ ಅದನ್ನು ಎಂಜಿನ್ನೇ ಕ್ಯಾಮಿನಿಂದ ಬಡಿದು ಓಡಿಸುತ್ತಿತ್ತು. 24 ವಾಲ್ವಿನದರಲ್ಲಿ ವಿದ್ಯುತ್ತಿನಿಂದ ಓಡುವ ಫೀಡ್ ಪಂಪು ಬಂತು. ಅದನ್ನು ಟ್ಯಾಂಕಿನ ಹತ್ತಿರ ಇಡುವ ಬದಲು ಎಂಜಿನ್ನಿನ ಪಕ್ಕಕ್ಕೇ ತಗುಲಿಸಿದರು. ವಿದ್ಯುತ್ ಪಂಪಿಗೆ ತಳ್ಳುವುದು ಸಲೀಸು, ದೂರದಿಂದ ಎಳೆಯುವುದು ಕಷ್ಟ. ಮೇಲಾಗಿ ಎಂಜಿನ್ನಿನ ಕಾವು, ನಡುಕ. ಅದು ಸಾಯತೊಡಗಿತು.

ಫೀಡ್ ಪಂಪು ಸತ್ತಾಗ ಗಾಡಿ ನಿಂತಿದ್ದರೆ ಒಳ್ಳೆಯದಾಗುತ್ತಿತ್ತು. ನಿಲ್ಲುವುದಿಲ್ಲ. ವಿಪಿ44ರ ಹೊಟ್ಟೆಯಲ್ಲೇ ಹೀರುವ ಒಂದು ಭಾಗವಿದೆ. ಅದು ಹೇಗೋ ಡೀಸೆಲ್ ಎಳೆದುಕೊಂಡು ಎಂಜಿನ್ ಓಡಿಸುತ್ತಲೇ ಇರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಡೀಸೆಲ್ ಒತ್ತಡ ತೋರಿಸುವ ಮುಳ್ಳಿಲ್ಲ. ಒಳಗೆ ಪಂಪು ಅರೆಹೊಟ್ಟೆಯಲ್ಲಿ ಕಾದು, ತೇಯ್ದು, ಕೊನೆಗೊಂದು ದಿನ ಪಿ0216 ಎಂಬ ದೋಷಸಂಕೇತ ತೋರಿಸಿ ಮಲಗುತ್ತದೆ. ಮಾಲೀಕ ಸಾವಿರಾರು ಡಾಲರ್ ಕೊಟ್ಟು ಹೊಸ ವಿಪಿ44 ಹಾಕಿಸುತ್ತಾನೆ. ಫೀಡ್ ಪಂಪನ್ನು ಯಾರೂ ನೋಡುವುದಿಲ್ಲ. ಕೆಲವು ತಿಂಗಳಲ್ಲಿ ಹೊಸದೂ ಹೋಗುತ್ತದೆ. ಎರಡನೆಯ ಸಲ ನಡುರಸ್ತೆಯಲ್ಲಿ ನಿಂತವನಿಗೆ ಎಲೆಕ್ಟ್ರಾನಿಕ್ ಎಂಬ ಶಬ್ದ ಕೇಳಿದರೇ ಸಿಟ್ಟು ಬರುವುದು ಸಹಜ.

ಸಾಯುವ ಪಂಪುಗಳಿಗೆಲ್ಲ ಇದೊಂದೇ ಕಾರಣ ಎಂದಲ್ಲ. ಮೇಲಿನ ಸರ್ಕಿಟ್ ಬೋರ್ಡೇ ಬಿಸಿಗೆ ಕೆಟ್ಟದ್ದುಂಟು. 2006ರಲ್ಲಿ ಅಮೆರಿಕದ ರಸ್ತೆಗಳ ಡೀಸೆಲ್ಲಿನಿಂದ ಗಂಧಕವನ್ನು ಹತ್ತು ಲಕ್ಷದಲ್ಲಿ 15 ಭಾಗಕ್ಕೆ ಇಳಿಸಿದಾಗ, ಗಂಧಕ ತೆಗೆಯುವ ಕ್ರಿಯೆಯಲ್ಲಿ ಡೀಸೆಲ್ಲಿನ ಸಹಜ ಜಾರುಗುಣವೂ ಕುಂದುತ್ತದೆಂಬ ಗಾಬರಿ ಎದ್ದಿತು. ಅದು ನಿಜವೂ ಹೌದು. ಆದರೆ ಆ ವೇಳೆಗಾಗಲೇ, 2005ರಿಂದ, ಜಾರುಗುಣ ಇಂತಿಷ್ಟಿರಬೇಕೆಂಬ ನಿಯಮ ಅಲ್ಲಿನ ಡೀಸೆಲ್ ಮಾನದಂಡದಲ್ಲಿ ಸೇರಿ, ಅದಕ್ಕಾಗಿ ಬೇರೆ ಪದಾರ್ಥ ಬೆರೆಸುವುದು ರೂಢಿಗೆ ಬಂದಿತ್ತು. ಫೀಡ್ ಪಂಪಿನ ಜಾಗ ತಪ್ಪೆಂಬುದನ್ನು ಕಂಪನಿಯೇ ಒಂದು ಬಗೆಯಲ್ಲಿ ಒಪ್ಪಿಕೊಂಡಿತೆನ್ನಬಹುದು. ಮುಂದೆ ಬದಲಿ ಪಂಪನ್ನು ಟ್ಯಾಂಕಿನೊಳಗೇ ಇಡುವ ವ್ಯವಸ್ಥೆ ತಂದಿತು.

ಇದಕ್ಕೆ ಹೋಲುವ ಇನ್ನೊಂದು ಪ್ರಕರಣ ಜನರಲ್ ಮೋಟಾರ್ಸ್‌ನ ಪಿಕಪ್‌ಗಳದು. ಅವರ 6.5 ಲೀಟರ್ ಟರ್ಬೊ ಡೀಸೆಲ್ಲಿಗೆ 1994ರಲ್ಲಿ ಸ್ಟಾನಾಡೈನ್ ಕಂಪನಿಯ ಎಲೆಕ್ಟ್ರಾನಿಕ್ ಪಂಪು ಬಂತು. ಅದನ್ನು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಡಬ್ಬಿಯನ್ನು ಪಂಪಿನ ಮೈಗೇ ಅಂಟಿಸಿದ್ದರು. ಪಂಪು ಇರುವುದು ಎರಡು ಸಾಲು ಸಿಲಿಂಡರುಗಳ ನಡುವಿನ ಕುಲುಮೆಯಂಥ ಕಣಿವೆಯಲ್ಲಿ. ಡಬ್ಬಿ ಬೆಂದು ಗಾಡಿ ನಿಲ್ಲುತ್ತಿತ್ತು. ಅಲ್ಲಿಯೂ ಅನೇಕರು ಹಳೆಯ ಯಾಂತ್ರಿಕ ಪಂಪಿಗೆ ಮರಳಿದರು. ಇನ್ನು ಕೆಲವರು ಡಬ್ಬಿಯನ್ನಷ್ಟೇ ಬಿಚ್ಚಿ, ಉದ್ದದ ವೈರು ಕೊಟ್ಟು, ಅಲ್ಯೂಮಿನಿಯಂ ತಗಡಿನ ಮೇಲೆ ಕೂರಿಸಿ, ಗಾಳಿ ಬಡಿಯುವಂತೆ ಮುಂದಿನ ಬಂಪರಿನ ಹಿಂದೆ ಕಟ್ಟಿದರು. ಪಂಪನ್ನು ಮುಟ್ಟದೆಯೇ ಎಷ್ಟೋ ಗಾಡಿಗಳು ಸರಿಹೋದವು.

ಮತ್ತೆ ಡಾಜ್‌ಗೆ ಬರೋಣ. ಪಂಪು ಬದಲಿಸುವುದೆಂದರೆ ಒಂದನ್ನು ಬಿಚ್ಚಿ ಇನ್ನೊಂದನ್ನು ಬಿಗಿಯುವುದಲ್ಲ. ಹಳೆಯ ಎಂಜಿನ್ನಿನ ಮುಂಭಾಗದ ಗೇರು ಪೆಟ್ಟಿಗೆಯನ್ನೇ ತಂದು ಕೂರಿಸಬೇಕು. ಪಂಪಿನಿಂದ ಸಿಲಿಂಡರಿಗೆ ಹೋಗುವ ಆರು ಉಕ್ಕಿನ ಕೊಳವೆಗಳನ್ನು ಹೊಸದಾಗಿ ಬಗ್ಗಿಸಿದ್ದು ತರಬೇಕು. 24 ವಾಲ್ವಿನ ಗಾಡಿಯಲ್ಲಿ ಆಕ್ಸಿಲರೇಟರಿನಿಂದ ಪಂಪಿಗೆ ವೈರಿನ ಮೂಲಕ ಸಂದೇಶ ಹೋಗುತ್ತದೆ. ಈಗ ಅದು ಪಂಪಿನ ಸರಳನ್ನು ಎಳೆಯುವಂತಾಗಬೇಕು. ಇಂಜೆಕ್ಟರುಗಳು ಹೊಸ ಪಂಪಿಗೆ ಒಗ್ಗಬೇಕು. ಆಟೊಮ್ಯಾಟಿಕ್ ಗೇರಿನ ಗಾಡಿಯಾದರೆ ಇನ್ನೂ ತೊಡಕು. ಯಾವಾಗ ಮೇಲಿನ ಗೇರಿಗೆ ಹೋಗಬೇಕೆಂದು ಗೇರುಪೆಟ್ಟಿಗೆ ತಿಳಿಯುವುದು ಎಂಜಿನ್ನಿನ ವೇಗ, ಪೆಡಲಿನ ಸ್ಥಿತಿ ಹೇಳುವ ಸೆನ್ಸರುಗಳಿಂದ. ಅವನ್ನೆಲ್ಲ ಜೀವಂತವಾಗಿಡಬೇಕು. ಅಂದರೆ ಯಾವ ಕಂಪ್ಯೂಟರಿನಿಂದ ತಪ್ಪಿಸಿಕೊಳ್ಳಲು ಹೊರಟದ್ದೋ ಅದರ ಅರ್ಧ ಗಾಡಿಯಲ್ಲೇ ಉಳಿಯುತ್ತದೆ. ಇನ್ನೊಂದು ತಮಾಷೆ ಎಂದರೆ, ಹೀಗೆ ಮಾರ್ಪಡಿಸಿದ ಎಂಜಿನ್ನಿಗೂ ಡೀಸೆಲ್ ತಲುಪಿಸಲು ಸಾಮಾನ್ಯವಾಗಿ ವಿದ್ಯುತ್ತಿನ ಫೀಡ್ ಪಂಪೇ ಬೇಕು. ಅದೂ ಮೊದಲಿಗಿಂತ ಹೆಚ್ಚು ಒತ್ತಡದ್ದು.

ಹಾಗೆಂದು ಲಾಭವಿಲ್ಲವೆಂದಲ್ಲ. ಪಿ7100ಕ್ಕೆ ಬೇಕಾದ ವಿದ್ಯುತ್ತು ಎಂಜಿನ್ ನಿಲ್ಲಿಸುವ ಸೊಲೆನಾಯ್ಡಿಗೆ ಮಾತ್ರ. ಅದು ಕೆಟ್ಟರೂ ಪಂಪಿನ ಹಿಡಿಯನ್ನು ಒಂದು ತುಂಡು ತಂತಿಯಿಂದ ಮೇಲಕ್ಕೆ ಕಟ್ಟಿ ಮನೆ ಸೇರಬಹುದು. ಫೀಡ್ ಪಂಪು ಸೊರಗಿದರೆ ಶಕ್ತಿ ಕುಂದುತ್ತದೆ. ಆಯಿಲ್ಲಿನಲ್ಲಿ ತಿರುಗುವ ಕ್ಯಾಮ್‌ಶಾಫ್ಟಿಗೆ ಅದರಿಂದ ಒಡನೆಯೇ ಕೇಡಿಲ್ಲ. ಮೈಲುಗಟ್ಟಲೆ ದೂರದಲ್ಲಿ ಒಂದು ಗ್ಯಾರೇಜಿರುವ ಕಡೆ ಬದುಕುವ ರೈತನಿಗೆ ಇದು ಸಣ್ಣ ಮಾತಲ್ಲ. ಕೆಟ್ಟದ್ದನ್ನು ಕಣ್ಣಿಂದ ಕಂಡು, ಕೈಯಿಂದ ಮುಟ್ಟಿ ಸರಿಮಾಡಬಹುದು ಎಂಬ ಧೈರ್ಯಕ್ಕೆ ಬೆಲೆ ಕಟ್ಟುವುದು ಹೇಗೆ? ತಂದೆಯ ಜೊತೆ ನಿಂತು ಪಂಪಿನ ಟೈಮಿಂಗ್ ಹೊಂದಿಸಿದ ಹುಡುಗ ಎಂಜಿನ್ನನ್ನು ಅರಿಯುವ ರೀತಿಯೇ ಬೇರೆ.

ಈಗ ಖರ್ಚಿನ ಮಾತು. ರೀಕಂಡೀಷನ್ ಮಾಡಿದ ವಿಪಿ44 ಸುಮಾರು ಸಾವಿರದಿಂದ ಎರಡು ಸಾವಿರ ಡಾಲರಿಗೆ ಸಿಗುತ್ತದೆ. ಮಾರ್ಪಾಡಿಗೆ ಹಲವು ಸಾವಿರ. ಲೆಕ್ಕಕ್ಕೆಂದು ಒಂದನ್ನು 1,500, ಇನ್ನೊಂದನ್ನು 5,000 ಎಂದಿಟ್ಟುಕೊಂಡರೆ, ಒಂದು ಮಾರ್ಪಾಡಿನ ಹಣಕ್ಕೆ ಮೂರು ವಿಪಿ44 ಕೊಂಡು ಮೇಲೆ 500 ಡಾಲರ್ ಉಳಿಯುತ್ತದೆ. ಆ 500ರಲ್ಲಿ ಬಹುಪಾಲು ಒಂದು ಗಟ್ಟಿ ಫೀಡ್ ಪಂಪಿಗೆ ಹೋಗುತ್ತದೆ. ಉಳಿದ ಪುಡಿಗಾಸಿನಲ್ಲಿ ಒಂದು ಒತ್ತಡದ ಮೀಟರನ್ನು ಡ್ಯಾಶ್‌ಬೋರ್ಡಿಗೆ ಕಟ್ಟಿಸಬಹುದು. ಆ ಮೀಟರಿನ ಮುಳ್ಳು, ಎಂಜಿನ್ ಎಷ್ಟೇ ಎಳೆಯುತ್ತಿದ್ದರೂ, 10ರಿಂದ ಕೆಳಗೆ ಬೀಳಬಾರದು. ಟೈರಿಗೆ ಗಾಳಿ ಹಾಕುವವನಿಗೆ ‘ಮೂವತ್ತು ಹಾಕಪ್ಪ’ ಎನ್ನುತ್ತೇವಲ್ಲ, ಆ ಪೌಂಡಿನ ಅಳತೆಯ 10. ಕಾರಿನ ಟೈರಿನ ಮೂರನೆಯ ಒಂದು ಪಾಲು ಒತ್ತಡ. ಅಷ್ಟಿದೆಯೆಂದು ನೋಡಿಕೊಂಡರೆ ಎರಡನೆಯ ವಿಪಿ44 ಕೊಳ್ಳುವ ಪ್ರಮೇಯವೇ ಬರದಿರಬಹುದು.

ಹಣ ಸುರಿಯುವ ಮೊದಲು ಎಂಜಿನ್ನನ್ನೂ ನೋಡಬೇಕು. 1999ರಿಂದ 2001ರ ನಡುವಿನ ಕೆಲವು ಎಂಜಿನ್ನುಗಳ ಬ್ಲಾಕಿನ ಪಕ್ಕದಲ್ಲಿ 53 ಎಂಬ ಅಂಕಿ ಎರಕದಲ್ಲೇ ಮೂಡಿರುತ್ತದೆ. ಆ ಎರಕದ ಬ್ಲಾಕುಗಳು ಪಕ್ಕದಲ್ಲಿ ಬಿರಿದು ನೀರು ಸೋರುವುದಕ್ಕೆ ಹೆಸರಾದವು. ಎಲ್ಲವೂ ಬಿರಿದಿಲ್ಲ. ಆದರೂ ಆ ಅಂಕಿ ಕಂಡವನು ಐದು ಸಾವಿರದ ಪಂಪು ಕೂರಿಸುವ ಮುನ್ನ ಎರಡು ಸಲ ಯೋಚಿಸುತ್ತಾನೆ. ಮೊಳಕಾಲೆತ್ತರ ಗೋಡೆ ಶಿಥಿಲವಾದ ಮನೆಗೆ ತೇಗದ ಬಾಗಿಲು ಹಾಕಿಸಿದ ಹಾಗಾದೀತು.

ಇನ್ನೊಂದು ವಿಷಯವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ನಂಬಿಕೆಯ ಗಾಡಿ ಬೇಕು ಎಂದು ಪಂಪು ಬದಲಿಸುವವರಲ್ಲಿ ಹಲವರ ಮನಸ್ಸಿನಲ್ಲಿರುವುದು ವೇಗ. ಪಿ7100ರಲ್ಲಿ ಡೀಸೆಲ್ ಹೆಚ್ಚಿಸುವುದು ಬಹಳ ಸುಲಭ. ಟರ್ಬೊ ಗಾಳಿ ತುಂಬುವವರೆಗೆ ಡೀಸೆಲ್ಲನ್ನು ತಡೆಹಿಡಿಯುವ ಒಂದು ಪೊರೆ ಅದರಲ್ಲಿದೆ, ಹೆಚ್ಚೆಂದರೆ ಇಷ್ಟು ಎಂದು ಮಿತಿ ಹಾಕುವ ಒಂದು ಉಕ್ಕಿನ ಬಿಲ್ಲೆಯಿದೆ. ಬಿಲ್ಲೆಯನ್ನು ಅರದಿಂದ ಉಜ್ಜಿದರೆ, ಇಲ್ಲವೆ ಸರಿಸಿದರೆ, ಮಿತಿ ಮಾಯ. ಹಿಂದೆ ಕಪ್ಪು ಹೊಗೆಯ ಮೋಡವೇಳುತ್ತದೆ, ಮುಂದೆ ಕುಳಿತವನಿಗೆ ಖುಷಿ. ಆ ಖುಷಿಗೆ ಕ್ಲಚ್ಚು ಸುಡುತ್ತದೆ, ಟರ್ಬೊ ಕಾಯುತ್ತದೆ, ಪಿಸ್ಟನ್ನಿನ ತಲೆ ಕರಗಿದ್ದೂ ಉಂಟು. ರೇಸಿಗೆ ಇಳಿಸುವ ಗಾಡಿಯಾದರೆ ಅದು ಬೇರೆ ಮಾತು. ದಿನಾ ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಗೆ ಅದು ಬೇಡ.

ಹೊಗೆಯ ಮಾತು ಬಂದ ಮೇಲೆ ಅದನ್ನು ಕುಡಿಯುವವರ ಬಗ್ಗೆಯೂ ಹೇಳಬೇಕು. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬ ಖಚಿತ ವರ್ಗಕ್ಕೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಸೇರಿಸಿದ್ದು 2012ರಲ್ಲಿ. ಶಾಲೆಯ ಗೇಟಿನ ಮುಂದೆ ಎಂಜಿನ್ ಆರಿಸದೆ ನಿಂತ ಗಾಡಿಯ ಹಿಂದೆ ಇರುವುದು ಮಕ್ಕಳೇ. ಅಮೆರಿಕದ ಶುದ್ಧಗಾಳಿ ಕಾಯ್ದೆ, ಮಾಲಿನ್ಯ ತಡೆಯಲೆಂದು ತಯಾರಕ ಗಾಡಿಗೆ ಕೂರಿಸಿದ ಭಾಗಗಳನ್ನು ಕೀಳುವುದನ್ನೂ ನಿಷ್ಕ್ರಿಯಗೊಳಿಸುವುದನ್ನೂ ನಿಷೇಧಿಸುತ್ತದೆ. ಟೈಮಿಂಗನ್ನು ತಾನೇ ಬದಲಿಸುವ ಪಂಪನ್ನು ತೆಗೆದು ಬದಲಿಸಲಾರದ್ದನ್ನು ಹಾಕಿದರೆ, ಹೊಗೆ ಹೆಚ್ಚಿಲ್ಲವೆಂದು ತೋರಿಸಿಕೊಡುವುದು ಮಾಲೀಕನಿಗೆ ಸುಲಭವಲ್ಲ. ಅಲ್ಲಿನ ಪರಿಸರ ಸಂಸ್ಥೆ 2020ರ ನವೆಂಬರಿನಲ್ಲಿ ಹೊರತಂದ ವರದಿಯ ಅಂದಾಜಿನಂತೆ, ಹಿಂದಿನ ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಮಾಲಿನ್ಯ ನಿಯಂತ್ರಣ ಸಾಧನಗಳನ್ನು ಮಾಲೀಕರು ತೆಗೆಸಿದ್ದರು. ಅವು ಬಹುಮಟ್ಟಿಗೆ ಇನ್ನೂ ಹೊಸ ಕಾಲದ, ಹೊಗೆ ಸೋಸುವ ಫಿಲ್ಟರುಗಳಿದ್ದ ಗಾಡಿಗಳು. ಹಳೆಯ ರ‍್ಯಾಮ್‌ನ ಪಂಪು ಬದಲಿಸುವುದನ್ನು ಅದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಹೊಗೆಗೆ ಆ ಭೇದ ತಿಳಿಯದು.

ಎಷ್ಟೋ ರಾಜ್ಯಗಳಲ್ಲಿ ಹಳೆಯ ಡೀಸೆಲ್ ಗಾಡಿಗಳ ಹೊಗೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಕ್ಯಾಲಿಫೋರ್ನಿಯ ಮಾತ್ರ ಬಿಗಿ. 2010ರಿಂದ ಅಲ್ಲಿ 1998 ಮತ್ತು ಅನಂತರದ ಮಾದರಿಯ ಡೀಸೆಲ್ ಕಾರು, ಪಿಕಪ್ಪುಗಳು ಎರಡು ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಬೇಕು. ತಪಾಸಿಗ ಬಾನೆಟ್ಟು ಎತ್ತಿ ನೋಡುತ್ತಾನೆ. ಕಾರ್ಖಾನೆಯಿಂದ ಬಂದ ಪಂಪು ಅಲ್ಲಿಲ್ಲದಿದ್ದರೆ ಗಾಡಿ ಫೇಲು, ನೋಂದಣಿ ನವೀಕರಣವಾಗದು. ವಿಚಿತ್ರವೆಂದರೆ, ಹುಟ್ಟುವಾಗಲೇ ಪಿ7100 ಹೊತ್ತು ಬಂದ 1997ರ ರ‍್ಯಾಮ್ ಅದೇ ರಸ್ತೆಯಲ್ಲಿ ತಪಾಸಣೆಯೇ ಇಲ್ಲದೆ ಓಡಬಹುದು. ಯಾಂತ್ರಿಕ ಪಂಪಿನ ಮೇಲೆ ಅಷ್ಟು ಮನಸ್ಸಿದ್ದವನಿಗೆ 24 ವಾಲ್ವಿನ ಗಾಡಿ ಮಾರಿ, ಒಳ್ಳೆಯದೊಂದು 12 ವಾಲ್ವಿನದನ್ನು ಕೊಳ್ಳುವುದೇ ಎಷ್ಟೋ ಸಲ ಸರಳ ಉಪಾಯ. ಗೇರು ಪೆಟ್ಟಿಗೆ, ಕೊಳವೆ, ಸರಳು ಎಲ್ಲವೂ ಕಾರ್ಖಾನೆಯಲ್ಲೇ ಹೊಂದಿಕೊಂಡಿರುತ್ತವೆ. ಆದರೆ ಅಂಥ ಗಾಡಿ ಈಗ ಅಗ್ಗಕ್ಕೆ ಸಿಗುವುದಿಲ್ಲ.

ಹಾಗಾದರೆ ಮಾರ್ಪಾಡು ಯಾರಿಗೆ ತಕ್ಕದ್ದು? ಮ್ಯಾನುಯಲ್ ಗೇರಿನ ಗಾಡಿ, ಗುಜರಿಯಲ್ಲಿ ಸಿಕ್ಕ ಪೂರಾ 12 ವಾಲ್ವಿನ ಎಂಜಿನ್ನು, ಕೆಲಸ ಬಲ್ಲ ಕೈ, ಗಾಡಿ ಒಂದು ತಿಂಗಳು ಶೆಡ್ಡಿನಲ್ಲಿ ನಿಂತರೂ ನಡೆಯುವ ಅನುಕೂಲ, ಕಾಯ್ದೆಯ ತೊಡಕಿಲ್ಲದ ಬಳಕೆ ಇಷ್ಟೂ ಒಟ್ಟಿಗೆ ಕೂಡಿಬಂದವನಿಗೆ. ಅಂಥವನು ಹೊಲದೊಳಗಿನ ಕೆಲಸಕ್ಕೆಂದು ಮಾಡಿಕೊಂಡರೆ ಆಕ್ಷೇಪಿಸುವುದು ಕಷ್ಟ. ದಿನವೂ ಬೇಕಾದ ಗಾಡಿಯನ್ನು ಕೂಲಿ ಕೊಟ್ಟು ಮಾರ್ಪಡಿಸುವವನಿಗೆ ಲೆಕ್ಕ ಕೂಡುವುದಿಲ್ಲ. ಅವನು ಮೊದಲು ಮಾಡಬೇಕಾದದ್ದು ಫೀಡ್ ಪಂಪಿನ ಒತ್ತಡ ಅಳೆಸುವುದು. ಆಮೇಲೆ ಬ್ಯಾಟರಿಯ ಅರ್ತ್ ವೈರುಗಳ ತುಕ್ಕು ಕೆರೆಸುವುದು. ಫಿಲ್ಟರು, ಟ್ಯಾಂಕಿನೊಳಗಿನ ಜಾಲರಿ, ರಬ್ಬರ್ ಪೈಪಿನ ಬಿರುಕು ನೋಡುವುದು. ಇವೆಲ್ಲ ಒಂದು ಮಧ್ಯಾಹ್ನದ ಕೆಲಸ. ಇಷ್ಟಾದ ಮೇಲೂ ವಿಪಿ44 ಸತ್ತಿದೆ ಎಂದರೆ ಇನ್ನೊಂದು ವಿಪಿ44 ತರುವುದು, ಜೊತೆಗೇ ಫೀಡ್ ಪಂಪನ್ನು ಟ್ಯಾಂಕಿನ ಹತ್ತಿರಕ್ಕೆ ಸಾಗಿಸುವುದು.

ಮಾರ್ಪಡಿಸಿದ ಗಾಡಿಯನ್ನು ಎಂದಾದರೂ ಮಾರುವಾಗ ಇನ್ನೊಂದು ತಾಪತ್ರಯ. ಕೊಂಡವನ ಊರಿನ ಮೆಕ್ಯಾನಿಕ್ಕು ಗಾಡಿಯ ನಂಬರು ನೋಡಿ 1999ರ ಮಾದರಿಯ ಬಿಡಿಭಾಗ ತರಿಸುತ್ತಾನೆ, ಬಾನೆಟ್ಟಿನಡಿ ಇರುವುದು 1995ರ ಪಂಪು. ಯಾವ ವೈರು ಎಲ್ಲಿಗೆ ಹೋಗಿದೆ, ಟೈಮಿಂಗ್ ಎಷ್ಟು ಡಿಗ್ರಿಗೆ ಕಟ್ಟಿದೆ, ಇಂಜೆಕ್ಟರು ಯಾವುದು ಎಂಬುದೆಲ್ಲ ಮಾಡಿದವನ ತಲೆಯಲ್ಲಷ್ಟೇ ಇರುತ್ತದೆ. ಜಾಣ ಮಾಲೀಕರು ಅದನ್ನು ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಗಾಡಿಯ ಕಾಗದಗಳ ಜೊತೆ ಇಟ್ಟಿರುತ್ತಾರೆ.